ಶೋಧಕ ನೌಕೆಯ ಯೋಜನೆ: ಪ್ರಶ್ನೆಯಿಂದ ಕೊನೆಯ ಆಜ್ಞೆಯವರೆಗೆ ಎಂಟು ಹಂತ

ಗ್ರಹಶೋಧಕ ನೌಕೆಯೊಂದನ್ನು ಕಾಗದದ ಮೇಲೆ ರೂಪಿಸಲು ಕೂತವರು ಮೊದಲು ಕೇಳುವುದು ‘ಯಾವ ರಾಕೆಟ್ ತೆಗೆದುಕೊಳ್ಳಲಿ?’ ಎಂದು. ರಾಕೆಟ್ಟಿನ ಸರದಿ ಬರುವುದು ಬಹಳ ತಡವಾಗಿ. ಈ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಕೊನೆಗೆ ಭೂಮಿಗೆ ಯಾವ ಮಾಹಿತಿ, ಎಷ್ಟು, ಯಾವಾಗ ಬಂದು ಸೇರಬೇಕು ಎಂದು ಮೊದಲು ಬರೆದುಕೊಳ್ಳಿ. ಅಲ್ಲಿಂದ ಆಂಟೆನಾ, ವಿದ್ಯುತ್, ತೂಕ, ನೋದಕ ಎಂದು ಹಿಂದೆ ಹಿಂದೆ ಸರಿಯುತ್ತ ಉಡಾವಣಾ ವೇದಿಕೆಗೆ ಬನ್ನಿ. (ನೋದಕ ಎಂದರೆ ಇಂಧನ ಮತ್ತು ಅದನ್ನು ಉರಿಸುವ ಆಕ್ಸಿಡೈಸರ್ ಎರಡೂ ಸೇರಿ.)

ಎಲ್ಲ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಮಂಗಳನನ್ನು ಸುತ್ತುತ್ತ ಧೂಳಿನ ಬಿರುಗಾಳಿಗಳ ಚಿತ್ರ ತೆಗೆಯುವ, ಒಂದೇ ಕ್ಯಾಮೆರಾದ ಕಾಲ್ಪನಿಕ ನೌಕೆ.

ಬೇಕಾಗುವ ಸಲಕರಣೆ ಕಡಿಮೆ. ಒಂದು ಸ್ಪ್ರೆಡ್‌ಶೀಟ್. ಗ್ರಹಗಳ ಸ್ಥಾನ ತಿಳಿಯಲು ನಾಸಾದ ಜೆಪಿಎಲ್ ಪ್ರಯೋಗಾಲಯ ಉಚಿತವಾಗಿ ಕೊಡುವ ‘ಹೊರೈಜನ್ಸ್’. ಪಥ ಲೆಕ್ಕಹಾಕಲು ನಾಸಾದ ಮುಕ್ತ ತಂತ್ರಾಂಶ ‘ಜಿಮ್ಯಾಟ್’. ಕೊನೆಗೆ, ರಾಕೆಟ್ ಕಂಪನಿಗಳು ಪ್ರಕಟಿಸುವ ಬಳಕೆದಾರರ ಕೈಪಿಡಿಗಳು. ಸ್ಪ್ರೆಡ್‌ಶೀಟಿನಲ್ಲಿ ಈಗಲೇ ನಾಲ್ಕು ಹಾಳೆ ತೆರೆಯಿರಿ: ಬಿಟ್ (ಮಾಹಿತಿಯ ಅತಿ ಚಿಕ್ಕ ಘಟಕ), ವೇಗಬದಲಾವಣೆ, ತೂಕ, ವಿದ್ಯುತ್. ಪ್ರತಿ ಸಂಖ್ಯೆಯ ಪಕ್ಕ ಅದರ ಅಳತೆಯ ಮಾನಕ್ಕೊಂದು ಕಾಲಂ ಇರಲಿ. ಇದು ಅತಿಯಾಯಿತು ಅನ್ನಿಸಿದರೆ 1999ರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿರಲಿ. ಥ್ರಸ್ಟರ್‌ಗಳ (ನೌಕೆಯ ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳ) ಆವೇಗವನ್ನು ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿತು. ಎರಡರ ನಡುವಿನ ವ್ಯತ್ಯಾಸ 4.45 ಪಟ್ಟು. ನೌಕೆ ಮಂಗಳನ ವಾತಾವರಣದೊಳಗೆ ತೀರಾ ಕೆಳಕ್ಕೆ ಹೋಗಿ ನಾಶವಾಯಿತು.

ಹಂತ 1: ಪ್ರಶ್ನೆಯನ್ನು ಅಳತೆಗೆ ಇಳಿಸಿ

‘ಮಂಗಳನ ಹವಾಮಾನದ ಅಧ್ಯಯನ’ ಎಂದು ಬರೆದರೆ ಅದು ಆಸೆಯ ಮಾತಾಯಿತು. ‘ಬಿರುಗಾಳಿ ಎಲ್ಲಿ ಹುಟ್ಟುತ್ತದೆ, ಮೊದಲ ಎರಡು ದಿನಗಳಲ್ಲಿ ಎಷ್ಟು ಹರಡುತ್ತದೆ?’ ಎಂದು ಬರೆದರೆ ಕೆಲಸ ಶುರುವಾಗುತ್ತದೆ. ಇದರಿಂದ ಅಳತೆಗಳು ತಾವಾಗಿ ಹೊರಡುತ್ತವೆ: ದಿನಕ್ಕೊಮ್ಮೆ ಇಡೀ ಗ್ರಹದ ಚಿತ್ರ, 5 ಕಿ.ಮೀ.ಗೆ ಒಂದು ಪಿಕ್ಸೆಲ್, ಧೂಳನ್ನೂ ಹಿಮದ ಮೋಡವನ್ನೂ ಬೇರ್ಪಡಿಸಲು ಎರಡು ಬಣ್ಣ. ಬಿರುಗಾಳಿಗಳು ಋತುಮಾನಕ್ಕೆ ಕಟ್ಟುಬಿದ್ದಿರುವುದರಿಂದ ಒಂದು ಪೂರ್ಣ ಮಂಗಳವರ್ಷ, ಅಂದರೆ ಭೂಮಿಯ 687 ದಿನ ಕೆಲಸ ನಡೆಯಬೇಕು.

ಇದನ್ನು ಒಂದು ಪಟ್ಟಿಯಾಗಿ ಬರೆಯಿರಿ. ಪ್ರಶ್ನೆ, ಅಳತೆ, ಉಪಕರಣ, ಆ ಉಪಕರಣ ನೌಕೆಯಿಂದ ಕೇಳುವುದೇನು ಎಂದು ನಾಲ್ಕು ಕಾಲಂ. ಯಾವ ಸಾಲಿಗೂ ಸೇರದ ಉಪಕರಣವನ್ನು ಅಲ್ಲೇ ಹೊಡೆದುಹಾಕಿ. ‘ಜಾಗ ಇದೆಯಲ್ಲ, ಇನ್ನೊಂದು ಸೆನ್ಸರ್ ಇರಲಿ’ ಎಂಬ ಮಾತಿಗೆ ಒಪ್ಪಿದವರು ಆಮೇಲೆ ಪರಿತಪಿಸುತ್ತಾರೆ. ಎರಡು ಕೆಜಿಯ ಸೆನ್ಸರ್ ತನ್ನ ಜತೆ ತಂತಿ, ಹೀಟರ್, ತಿರುಗುವ ದಿಕ್ಕಿನ ಬೇಡಿಕೆ, ಬಿಟ್‌ಗಳ ಪಾಲು ಮತ್ತು ಪರೀಕ್ಷೆಯ ವಾರಗಳನ್ನೂ ಕರೆತರುತ್ತದೆ.

ಪೂರ್ಣ ಯಶಸ್ಸಿನ ಪಕ್ಕ ‘ಕನಿಷ್ಠ ಯಶಸ್ಸು’ ಎಂದು ಇನ್ನೊಂದು ಸಾಲನ್ನೂ ಬರೆದಿಡಿ. ಉದಾಹರಣೆಗೆ, ಒಂದೇ ಬಣ್ಣ, 10 ಕಿ.ಮೀ. ಪಿಕ್ಸೆಲ್, ಧೂಳಿನ ಋತು ಮಾತ್ರ. ಹಣ ಅಥವಾ ತೂಕ ಕೈಕೊಟ್ಟಾಗ ಯಾವುದನ್ನು ಬಿಡಬಹುದು ಎಂಬ ಜಗಳ ಈ ಸಾಲಿನ ಮುಂದೆ ತಣ್ಣಗಾಗುತ್ತದೆ.

ಹಂತ 2: ಬಿಟ್‌ಗಳ ಲೆಕ್ಕ

ಹೊಸಬರು ಕೊನೆಗೆ ಇಟ್ಟುಕೊಳ್ಳುವ ಈ ಲೆಕ್ಕವೇ ನೌಕೆಯ ಆಕಾರವನ್ನು ತೀರ್ಮಾನಿಸುತ್ತದೆ. ಮಂಗಳನ ಮೇಲ್ಮೈ ಸುಮಾರು 14.5 ಕೋಟಿ ಚದರ ಕಿ.ಮೀ. ಒಂದು ಪಿಕ್ಸೆಲ್ 25 ಚದರ ಕಿ.ಮೀ. ನೋಡಿದರೆ 58 ಲಕ್ಷ ಪಿಕ್ಸೆಲ್. ಎರಡು ಬಣ್ಣ, ಪಿಕ್ಸೆಲ್ಲಿಗೆ 12 ಬಿಟ್ ಎಂದರೆ ದಿನಕ್ಕೆ 139 ಮೆಗಾಬಿಟ್. ಮೂರು ಪಟ್ಟು ಕುಗ್ಗಿಸಿದರೆ 46. ಚಿತ್ರಗಳು ಒಂದರ ಮೇಲೊಂದು ಹಾಯುವ ಅಂಚು ಮತ್ತು ನೌಕೆಯ ಆರೋಗ್ಯದ ಮಾಹಿತಿಗೆಂದು 30% ಸೇರಿಸಿ 60 ಮೆಗಾಬಿಟ್ ಅನ್ನೋಣ.

ಭೂಕೇಂದ್ರದ ದೊಡ್ಡ ತಟ್ಟೆ ಆಂಟೆನಾ ದಿನಕ್ಕೆ 8 ಗಂಟೆ ಸಿಕ್ಕಿದರೆ ಸೆಕೆಂಡಿಗೆ 2.1 ಕಿಲೋಬಿಟ್ ಸಾಗಬೇಕು. ಇಷ್ಟೇನಾ ಅನ್ನಿಸಬಹುದು. ಇಲ್ಲೇ ಮೊದಲ ಬಲೆ ಇದೆ. ಭೂಮಿ-ಮಂಗಳ ಅಂತರ ಸುಮಾರು 5.5 ಕೋಟಿ ಕಿ.ಮೀ.ನಿಂದ 40 ಕೋಟಿ ಕಿ.ಮೀ.ವರೆಗೆ ಬದಲಾಗುತ್ತದೆ. ಸಂಕೇತದ ಬಲ ಅಂತರದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ, ಅಂದರೆ ಹತ್ತಿರದಲ್ಲಿ ಸಿಗುವ ವೇಗ ದೂರದಲ್ಲಿ 53ನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತಿರದಲ್ಲಿ 100 ಕಿಲೋಬಿಟ್ ಕೊಡುವ ರೇಡಿಯೊ ದೂರದಲ್ಲಿ ಎರಡನ್ನೂ ದಾಟದು. ಯಾವಾಗಲೂ ಅತಿ ದೂರದ ದಿನಕ್ಕೆ ಲೆಕ್ಕ ಹಾಕಿ, ಅದರ ಮೇಲೆ 3 ಡೆಸಿಬೆಲ್, ಎಂದರೆ ಎರಡು ಪಟ್ಟು ಬಲ ಕೈಯಲ್ಲಿಟ್ಟುಕೊಳ್ಳಿ.

ಎರಡನೆಯ ಬಲೆ ಚಿತ್ರದ ಸೂಕ್ಷ್ಮತೆ. ಯಾರೋ ‘1 ಕಿ.ಮೀ. ಪಿಕ್ಸೆಲ್ ಚೆನ್ನಾಗಿರುತ್ತಿತ್ತು’ ಅನ್ನುತ್ತಾರೆ. ಬಿಟ್‌ಗಳು 25 ಪಟ್ಟಾಗುತ್ತವೆ. ಬೇಕಾದ ವೇಗ 52 ಕಿಲೋಬಿಟ್. ಅದಕ್ಕೆ ಆಂಟೆನಾದ ವ್ಯಾಸವನ್ನು ಐದು ಪಟ್ಟು ಮಾಡಬೇಕು, ಇಲ್ಲವೇ ಪ್ರಸಾರದ ವಿದ್ಯುತ್ತನ್ನು 25 ಪಟ್ಟು.

ಆಂಟೆನಾ ದೊಡ್ಡದಾದಷ್ಟೂ ಅದರ ಕಿರಣ ಕಿರಿದಾಗುತ್ತದೆ ಎಂಬುದೂ ಗಮನದಲ್ಲಿರಲಿ. ದೂರಗಾಮಿ ನೌಕೆಗಳು ಹೆಚ್ಚಾಗಿ ಬಳಸುವ 8.4 ಗಿಗಾಹರ್ಟ್ಸ್ ತರಂಗದಲ್ಲಿ 1.5 ಮೀಟರ್ ತಟ್ಟೆಯ ಕಿರಣದ ಅಗಲ ಸುಮಾರು 1.7 ಡಿಗ್ರಿ. ನೌಕೆ ಭೂಮಿಯತ್ತ ಅರ್ಧ ಡಿಗ್ರಿಯೊಳಗೆ ಗುರಿ ಹಿಡಿಯಬೇಕು. ಮಡಚಿ ಒಯ್ದು ಅಲ್ಲಿ ಬಿಡಿಸುವ ಆಂಟೆನಾ ಆಕರ್ಷಕವೇ ಸರಿ, ಆದರೆ ಗೆಲಿಲಿಯೊ ನೌಕೆಯ ಕೊಡೆಯಂಥ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಸೆಕೆಂಡಿಗೆ 134 ಕಿಲೋಬಿಟ್ ಬರಬೇಕಿದ್ದ ಕಡೆ ಚಿಕ್ಕ ಆಂಟೆನಾದಿಂದ ಹೆಚ್ಚೆಂದರೆ 160 ಬಿಟ್‌ಗಳಲ್ಲಿ ಸುಧಾರಿಸಬೇಕಾಯಿತು. ಮೊದಲ ನೌಕೆಗೆ ಬಿಚ್ಚುವ ಅಗತ್ಯವಿಲ್ಲದ ತಟ್ಟೆಯೇ ಲೇಸು.

ನ್ಯೂ ಹೊರೈಜನ್ಸ್ ನೌಕೆ ಇನ್ನೊಂದು ದಾರಿ ತೋರಿಸಿದೆ. 2015ರ ಜುಲೈ 14ರಂದು ಪ್ಲೂಟೊ ಹಾದುಹೋದ ಅದು ಎಲ್ಲವನ್ನೂ ನೆನಪಿನಲ್ಲಿ ತುಂಬಿಕೊಂಡು, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಧಾನವಾಗಿ ಕಳಿಸಿತು. ಹಾದುಹೋಗುವ ನೌಕೆಗೆ ಇದು ಸರಿ. ದಿನವೂ ಹೊಸ ಚಿತ್ರ ತೆಗೆಯುವ ನಮ್ಮ ನೌಕೆಗೆ ಬಾಕಿ ಬೆಳೆಯುತ್ತ ಹೋಗುತ್ತದೆ, ತೀರುವುದಿಲ್ಲ.

ಹಂತ 3: ದಾರಿ ಮತ್ತು ದಿನಾಂಕ

ಭೂಮಿ-ಮಂಗಳಗಳ ಜೋಡಣೆ ಸುಮಾರು 780 ದಿನಕ್ಕೊಮ್ಮೆ ಮರಳುತ್ತದೆ. ಶುಕ್ರಕ್ಕೆ 584, ಗುರುವಿಗೆ 399. ಎರಡು ಕಕ್ಷೆಗಳನ್ನು ಮುಟ್ಟುವ ಅರೆದೀರ್ಘವೃತ್ತದ ದಾರಿಯಲ್ಲಿ ಮಂಗಳಕ್ಕೆ ಸುಮಾರು 259 ದಿನದ ಪ್ರಯಾಣ.

ಹೊರಡುವ ದಿನಾಂಕಗಳನ್ನು ಅಡ್ಡಕ್ಕೆ, ತಲುಪುವ ದಿನಾಂಕಗಳನ್ನು ಉದ್ದಕ್ಕೆ ಇಟ್ಟು, ಪ್ರತಿ ಜೋಡಿಗೂ ಬೇಕಾಗುವ ಶಕ್ತಿಯನ್ನು ಸಮರೇಖೆಗಳಾಗಿ ಬಿಡಿಸಿ. ವೃತ್ತಿಯವರು ಇದನ್ನು ಪೋರ್ಕ್‌ಚಾಪ್ ನಕ್ಷೆ ಅನ್ನುತ್ತಾರೆ. ಅದರಲ್ಲಿ ಓದುವ ಮುಖ್ಯ ಸಂಖ್ಯೆ ‘ಸಿ-3’: ಭೂಮಿಯ ಸೆಳೆತದಿಂದ ಬಿಡಿಸಿಕೊಂಡ ಮೇಲೂ ಉಳಿಯುವ ವೇಗದ ವರ್ಗ. ಮಂಗಳದ ಮಟ್ಟಿಗೆ ಇದು ವರ್ಷವನ್ನು ಅವಲಂಬಿಸಿ ಸುಮಾರು 8ರಿಂದ 16ರವರೆಗೆ (ಸೆಕೆಂಡಿಗೆ ಕಿ.ಮೀ.ಗಳ ವರ್ಗದಲ್ಲಿ) ಇರುತ್ತದೆ. ಸಿ-3 ಏರಿದಷ್ಟೂ ರಾಕೆಟ್ ಎಸೆಯಬಲ್ಲ ತೂಕ ಇಳಿಯುತ್ತದೆ. ಕೈಪಿಡಿಯಲ್ಲಿ ಈ ಗೆರೆಯ ಚಿತ್ರ ಇರುತ್ತದೆ.

ಅತಿ ಕಡಿಮೆ ಸಿ-3 ಇರುವ ದಿನವನ್ನು ವೃತ್ತ ಹಾಕಿ ಖುಷಿಪಡಬೇಡಿ. ಅದೇ ದಿನ ಹೊರಟರೆ ಮಂಗಳವನ್ನು ತಲುಪುವ ವೇಗ ಹೆಚ್ಚಿರಬಹುದು, ಆ ವೇಗ ತಗ್ಗಿಸುವ ನೋದಕ ನಿಮ್ಮ ನೌಕೆಯ ತೂಕಕ್ಕೆ ಬೀಳುತ್ತದೆ. ಎರಡೂ ತುದಿಯ ಮೊತ್ತ ನೋಡಿ. ಹವಾಮಾನ, ಬಿಗಡಾಯಿಸಿದ ಕವಾಟ ಮುಂತಾದವುಗಳಿಗೆ ಕನಿಷ್ಠ 20 ದಿನದ ಕಿಂಡಿ ಬೇಕು. ಅದರಲ್ಲಿ ಅತಿ ದುಬಾರಿ ದಿನಕ್ಕೂ ನೌಕೆ ಸಾಲುವಂತಿರಬೇಕು. ಕಿಂಡಿ ತಪ್ಪಿದರೆ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕು. ಇನ್‌ಸೈಟ್ ಲ್ಯಾಂಡರಿನ ಭೂಕಂಪಮಾಪಕದ ನಿರ್ವಾತ ಪಾತ್ರೆ ಸೋರಿದ್ದರಿಂದ 2016ರ ಮಾರ್ಚ್‌ನ ಉಡಾವಣೆ 2018ರ ಮೇ ತಿಂಗಳಿಗೆ ಹೋಯಿತು.

ಹಂತ 4: ವೇಗಬದಲಾವಣೆ, ಅದರಿಂದ ತೂಕ

ನೌಕೆ ತನ್ನ ಎಂಜಿನ್ನಿನಿಂದ ಮಾಡಬೇಕಾದ ಒಟ್ಟು ವೇಗಬದಲಾವಣೆಯ ಹೆಸರು ಡೆಲ್ಟಾ-ವಿ. ಇದು ಬಾಹ್ಯಾಕಾಶದ ಹಣ. ರಾಕೆಟ್ ನೇರವಾಗಿ ಮಂಗಳದತ್ತ ಎಸೆಯುತ್ತದೆ ಎಂದುಕೊಂಡರೆ ನಮ್ಮ ಪಟ್ಟಿ, ಸೆಕೆಂಡಿಗೆ ಮೀಟರುಗಳಲ್ಲಿ:

ದಾರಿಯ ತಿದ್ದುಪಡಿ 60
ಮಂಗಳನ ಉದ್ದುದ್ದ ಕಕ್ಷೆಗೆ ಪ್ರವೇಶ 1,000
ಕಕ್ಷೆಯ ಆಕಾರ ಸರಿಪಡಿಸಲು 200
ನಿರ್ವಹಣೆ ಮತ್ತು ದಿಕ್ಕಿನ ನಿಯಂತ್ರಣ 100
ಕೊನೆಯ ವಿಲೇವಾರಿ 40

ಮೊತ್ತ 1,400. ಖಚಿತವಾಗಿ ಲೆಕ್ಕ ಸಿಗುವ ಸಾಲುಗಳಿಗೆ 5% ಸೇರಿಸಿ, ಉಳಿದದ್ದನ್ನು ಉದಾರವಾಗಿ ಹಿಡಿದು 1,500 ಮಾಡೋಣ. ದಾರಿ ತಿದ್ದುಪಡಿಯ 60ರಲ್ಲಿ ಒಂದು ಪಾಲು ಬೇಕೆಂದೇ ತಪ್ಪಿದ ಗುರಿಯದು. ರಾಕೆಟ್ಟಿನ ಕೊನೆಯ ಹಂತ ಕ್ರಿಮಿಶುದ್ಧಿ ಮಾಡಿದ್ದಲ್ಲವಾದ್ದರಿಂದ ಅದು ಮಂಗಳಕ್ಕೆ ಅಪ್ಪಳಿಸದಂತೆ ಮೊದಲು ಪಕ್ಕಕ್ಕೆ ಗುರಿಯಿಡುತ್ತಾರೆ. ಬೇರ್ಪಟ್ಟ ಮೇಲೆ ನೌಕೆ ಮಾತ್ರ ದಾರಿ ಸರಿಪಡಿಸಿಕೊಳ್ಳುತ್ತದೆ.

ಈಗ ತೂಕ. ಪ್ರತಿ ಭಾಗಕ್ಕೂ ಅದರ ಪಕ್ವತೆ ನೋಡಿ ಮಾರ್ಜಿನ್ (ಮುಂಜಾಗ್ರತೆಯ ಹೆಚ್ಚಳ) ಹಾಕಿ: ಹಾರಿ ಬಂದ ಭಾಗವನ್ನೇ ಬಳಸಿದರೆ 5%, ಸ್ವಲ್ಪ ಬದಲಿಸಿದರೆ 10%, ಹೊಸದಾದರೆ 20%. ಮೊತ್ತದ ಮೇಲೆ ಮತ್ತೆ 20%. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಅನುಸರಿಸುವ ಈ ಪದ್ಧತಿಯಲ್ಲಿ ನಮ್ಮ 360 ಕೆಜಿ ಭಾಗಗಳು ಮೊದಲು 403, ಆಮೇಲೆ 484 ಕೆಜಿ ಆಗುತ್ತವೆ. ಇದು ಒಣ ತೂಕ, ನೋದಕವಿಲ್ಲದ್ದು. ಎರಡು ಸಲ ಮಾರ್ಜಿನ್ ಯಾಕೆ ಎಂದು ಕೇಳುವವರು ತಂತಿಗಳನ್ನು ತೂಗಿಲ್ಲ. ತಂತಿಕಟ್ಟು, ಬೋಲ್ಟು, ಅಂಟು, ಹೊದಿಕೆ ಸೇರಿ ಹನಿ ಹನಿ ಹಳ್ಳವಾಗುವುದು ಇಲ್ಲೇ.

ನೋದಕಕ್ಕೆ ರಾಕೆಟ್ ಸಮೀಕರಣ. ಎಂಜಿನ್ನಿನ ‘ಮೈಲೇಜ್’ ಅನ್ನು ವಿಶಿಷ್ಟ ಆವೇಗ ಎಂದು ಸೆಕೆಂಡುಗಳಲ್ಲಿ ಹೇಳುತ್ತಾರೆ. ಡೆಲ್ಟಾ-ವಿಯನ್ನು 9.81 ಮತ್ತು ವಿಶಿಷ್ಟ ಆವೇಗದ ಗುಣಲಬ್ಧದಿಂದ ಭಾಗಿಸಿ. ಬಂದ ಸಂಖ್ಯೆಯ ಘಾತಕ್ಕೆ 2.718 ಅನ್ನು ಏರಿಸಿ. ಅದೇ ತುಂಬಿದ ತೂಕಕ್ಕೂ ಒಣ ತೂಕಕ್ಕೂ ಇರುವ ಅನುಪಾತ. ಇಂಧನ ಮತ್ತು ಆಕ್ಸಿಡೈಸರ್ ಎರಡೂ ಇರುವ ಎಂಜಿನ್ನಿಗೆ 315 ಸೆಕೆಂಡ್ ಹಿಡಿದರೆ ಅನುಪಾತ 1.625, ನೋದಕ 303 ಕೆಜಿ, ತೊಟ್ಟಿಯ ತಳದಲ್ಲಿ ಉಳಿಯುವ ಪಾಲು ಸೇರಿ ಸುಮಾರು 310. ಹೈಡ್ರಜಿನ್ ಒಂದನ್ನೇ ಬಳಸುವ ಸರಳ ಎಂಜಿನ್ನಿಗೆ 225 ಸೆಕೆಂಡ್ ಹಿಡಿದರೆ 471 ಕೆಜಿ. ಅಯಾನ್ ಎಂಜಿನ್ 3,000 ಸೆಕೆಂಡಿನ ಆಸುಪಾಸಿನಲ್ಲಿದೆ, ಆದರೆ ಡಾನ್ ನೌಕೆಯ ಅಂಥ ಎಂಜಿನ್ನಿನ ನೂಕುಬಲ 0.09 ನ್ಯೂಟನ್ ಮಾತ್ರ. ಅವಸರದ ಕಕ್ಷಾಪ್ರವೇಶಕ್ಕೆ ಆಗದು.

ಈ ಗುಣಾಕಾರದಿಂದಲೇ ಒಂದು ಕೆಜಿ ಒಣ ತೂಕ ಹೆಚ್ಚಿದರೆ ಉಡಾವಣಾ ತೂಕ 1.6 ಕೆಜಿ ಹೆಚ್ಚುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಇನ್ನೊಂದು ಮರೆವು: ಎಂಜಿನ್ ಉರಿಯುವ ಹೊತ್ತು. ಸುಮಾರು 795 ಕೆಜಿಯ ನೌಕೆಗೆ 440 ನ್ಯೂಟನ್ ಎಂಜಿನ್ ಇದ್ದರೆ ಸೆಕೆಂಡಿಗೆ 1,000 ಮೀಟರಿನ ಪ್ರವೇಶಕ್ಕೆ 26 ನಿಮಿಷ ಬೇಕು. ಅಷ್ಟು ಹೊತ್ತು ಗುರುತ್ವದ ವಿರುದ್ಧ ನಷ್ಟವಾಗುವ ಪಾಲನ್ನು ಜಿಮ್ಯಾಟ್‌ನಲ್ಲಿ ಲೆಕ್ಕಹಾಕಿ ಸೇರಿಸಿ. ಕ್ಷಣಾರ್ಧದಲ್ಲಿ ವೇಗ ಬದಲಾಗುತ್ತದೆ ಎಂಬ ಪಠ್ಯಪುಸ್ತಕದ ಊಹೆ ಇಲ್ಲಿ ಸಾಲದು.

ಈಗ ರಾಕೆಟ್ ಆರಿಸಬಹುದು. ನಿಮ್ಮ ಸಿ-3ಗೆ 795 ಕೆಜಿಯನ್ನು ಎಸೆಯಬಲ್ಲದ್ದು ಸಿಗದಿದ್ದರೆ ಇನ್ನೊಂದು ದಾರಿಯಿದೆ. ಮಂಗಳಯಾನ 2013ರ ನವೆಂಬರ್ 5ರಂದು ಭೂಕಕ್ಷೆಗಷ್ಟೇ ಏರಿ, ಕಕ್ಷೆಯನ್ನು ತಾನೇ ಹಂತಹಂತವಾಗಿ ಎತ್ತರಿಸಿಕೊಂಡು ಡಿಸೆಂಬರ್ 1ರಂದು ಹೊರಟಿತು. ಬೆಲೆ ತೆತ್ತದ್ದು ತೂಕದಲ್ಲಿ: 1,337 ಕೆಜಿಯಲ್ಲಿ 852 ಕೆಜಿ ನೋದಕ, ಐದು ಉಪಕರಣಗಳಿಗೆ ಉಳಿದದ್ದು ಸುಮಾರು 15 ಕೆಜಿ.

ಹಂತ 5: ವಿದ್ಯುತ್ ಮತ್ತು ಶಾಖ

ಭೂಮಿಯ ಬಳಿ ಚದರ ಮೀಟರಿಗೆ 1,361 ವ್ಯಾಟ್ ಬಿಸಿಲು. ಮಂಗಳದ ಬಳಿ ಸರಾಸರಿ 590, ಆದರೆ ಮಂಗಳ ಸೂರ್ಯನಿಂದ ಅತಿ ದೂರವಿದ್ದಾಗ 490. ನಿಮ್ಮದು ಒಂದು ಪೂರ್ಣ ಮಂಗಳವರ್ಷದ ಕೆಲಸ, ಹಾಗಾಗಿ 490ನ್ನೇ ಹಿಡಿಯಿರಿ. 29% ದಕ್ಷತೆಯ ಕೋಶ, ಫಲಕದ 85% ಭಾಗದಲ್ಲಿ ಮಾತ್ರ ಕೋಶ, ವಿಕಿರಣ ಮತ್ತು ವಯಸ್ಸಿನಿಂದ ಮತ್ತೆ 15% ನಷ್ಟ ಎಂದರೆ ಚದರ ಮೀಟರಿಗೆ ಸುಮಾರು 103 ವ್ಯಾಟ್. ಬ್ಯಾಟರಿ ತುಂಬುವುದೂ ಸೇರಿ 400 ವ್ಯಾಟ್ ಬೇಕಿದ್ದರೆ, 20% ಮಾರ್ಜಿನ್ ಸೇರಿ 4.7 ಚದರ ಮೀಟರ್ ಫಲಕ.

ಗ್ರಹದ ನೆರಳಿನಲ್ಲಿ 90 ನಿಮಿಷ ಕಳೆಯುವಾಗ 250 ವ್ಯಾಟ್ ಬೇಕೆಂದರೆ 375 ವ್ಯಾಟ್-ಗಂಟೆ. ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ, ಆದ್ದರಿಂದ 750 ಬೇಕು. ರೇಡಿಯೊ, ಹೀಟರ್, ಕ್ಯಾಮೆರಾ ಒಟ್ಟಿಗೆ ಉರಿಯುವ ಅತಿ ಕೆಟ್ಟ ಗಳಿಗೆಯನ್ನು ಪಟ್ಟಿಮಾಡಿ. ಸರಾಸರಿ ಲೆಕ್ಕ ನಂಬಿದವರು ನೆರಳಿನಲ್ಲೇ ಸಿಕ್ಕಿಬೀಳುತ್ತಾರೆ.

ಶಾಖದ ವಿಷಯದಲ್ಲಿ ಒಂದೇ ಎಚ್ಚರಿಕೆ: ಹೈಡ್ರಜಿನ್ ಸುಮಾರು 2 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ತೊಟ್ಟಿಗೆ ಹೀಟರ್ ಹಾಕಿ, ಕೊಳವೆ ಮತ್ತು ಕವಾಟಗಳನ್ನು ಮರೆಯುವುದು ಹಳೆಯ ತಪ್ಪು.

ಹಂತ 6: ಒಂಟಿಯಾಗಿ ಬದುಕುವ ಬುದ್ಧಿ

ಮಂಗಳದಿಂದ ಸಂಕೇತ ಬರಲು 3ರಿಂದ 22 ನಿಮಿಷ. ನೀವು ಕಾಯಿಲೆ ನೋಡುವ ಹೊತ್ತಿಗೆ ಅದು ಹಳೆಯ ಸುದ್ದಿ. ಹಾಗಾಗಿ ‘ಸೇಫ್ ಮೋಡ್’ ಮೊದಲೇ ವಿನ್ಯಾಸವಾಗಬೇಕು: ಏನೇ ಗೊಂದಲವಾದರೂ ಉಪಕರಣಗಳನ್ನು ಆರಿಸಿ, ಫಲಕವನ್ನು ಸೂರ್ಯನತ್ತ ತಿರುಗಿಸಿ, ಅಗಲ ಕಿರಣದ ಚಿಕ್ಕ ಆಂಟೆನಾದಿಂದ ನಿಧಾನ ವೇಗದಲ್ಲಿ ಆಜ್ಞೆಗಾಗಿ ಕಾಯುವ ಸ್ಥಿತಿ. ಅದಕ್ಕೆ ಬೇಕಾದ ತಂತ್ರಾಂಶ ಆದಷ್ಟು ಚಿಕ್ಕದಿರಲಿ, ಹೊಸ ಆಜ್ಞೆಯಿಂದ ಅಳಿಸಲಾಗದ ಜಾಗದಲ್ಲಿರಲಿ.

ಇದಕ್ಕೊಂದು ಅಪವಾದವಿದೆ. ಕಕ್ಷಾಪ್ರವೇಶದ 26 ನಿಮಿಷಗಳಲ್ಲಿ ನೌಕೆ ಸೇಫ್ ಮೋಡ್‌ಗೆ ಹೋಗಿ ಎಂಜಿನ್ ನಿಲ್ಲಿಸಿದರೆ ಗ್ರಹವೇ ಕೈತಪ್ಪುತ್ತದೆ. ಆಗ ಕಂಪ್ಯೂಟರ್ ಮರುಚಾಲನೆಯಾದರೂ ಎಂಜಿನ್ ಮುಂದುವರಿಯುವಂತೆ ಬೇರೆ ನಿಯಮ ಬರೆಯಿರಿ.

ಯಾವುದನ್ನು ಜೋಡಿಯಾಗಿ ಒಯ್ಯಬೇಕು? ರೇಡಿಯೊ, ಕಂಪ್ಯೂಟರ್, ಥ್ರಸ್ಟರ್ ಸಾಲು ಎರಡೆರಡು. ನೌಕೆಯನ್ನು ತಿರುಗಿಸುವ ರಿಯಾಕ್ಷನ್ ವೀಲ್ ಮೂರು ಸಾಕಾದರೂ ನಾಲ್ಕು. ನಾಲ್ಕಿದ್ದರೂ ಕೆಪ್ಲರ್ ದೂರದರ್ಶಕ 2012 ಮತ್ತು 2013ರಲ್ಲಿ ಒಂದೊಂದನ್ನು ಕಳೆದುಕೊಂಡು ತನ್ನ ಮೂಲ ಕೆಲಸ ನಿಲ್ಲಿಸಬೇಕಾಯಿತು. ವೀಲ್ ಇಲ್ಲದೆ ಥ್ರಸ್ಟರ್‌ಗಳಿಂದಲೇ ದಿಕ್ಕು ಹಿಡಿಯುವ ಕ್ರಮ ಈಗಲೇ ಬರೆದಿಡಿ.

ಜೋಡಿ ಮಾಡಲಾಗದ್ದು ಮುಖ್ಯ ಎಂಜಿನ್. ಅಲ್ಲಿ ಕವಾಟಗಳ ಮೇಲೆ ಕಣ್ಣಿಡಿ. ಇಂಧನ ಮತ್ತು ಆಕ್ಸಿಡೈಸರ್ ಆವಿಗಳು ಒಂದೇ ಒತ್ತಡದ ಕೊಳವೆಯ ಮೂಲಕ ಸಂಧಿಸಿದರೆ ಅನಾಹುತ. ಮಾರ್ಸ್ ಅಬ್ಸರ್ವರ್ 1993ರ ಆಗಸ್ಟ್‌ನಲ್ಲಿ ತೊಟ್ಟಿಗೆ ಒತ್ತಡ ಕೊಡುವಾಗ ಮೌನವಾಗಲು ಹೀಗೆ ಸೋರಿದ ಆಕ್ಸಿಡೈಸರ್ ಕಾರಣವಿರಬಹುದು ಎಂದು ತನಿಖೆ ಹೇಳಿತು. ಜಪಾನಿನ ಅಕಾತ್ಸುಕಿಯಲ್ಲಿ 2010ರ ಡಿಸೆಂಬರಿನಲ್ಲಿ ಇಂಥ ಆವಿಗಳಿಂದ ಹುಟ್ಟಿದ ಲವಣ ಕವಾಟವನ್ನು ಕಟ್ಟಿತು, ಎಂಜಿನ್ ನಡುವೆಯೇ ನಿಂತಿತು, ನೌಕೆ ಶುಕ್ರವನ್ನು ದಾಟಿ ಹೋಯಿತು. ಐದು ವರ್ಷದ ಬಳಿಕ, 2015ರ ಡಿಸೆಂಬರ್ 7ರಂದು ದಿಕ್ಕು ತಿದ್ದುವ ಪುಟ್ಟ ಥ್ರಸ್ಟರ್‌ಗಳಿಂದಲೇ ಅದು ಕಕ್ಷೆ ಸೇರಿತು. ನೋದಕ ಉಳಿದಿತ್ತು, ಪುಟ್ಟ ಥ್ರಸ್ಟರ್‌ಗಳಿಗೆ ಆ ದಾರಿ ತೆರೆದಿತ್ತು. ನಿಮ್ಮ ಕೊಳವೆಗಳ ನಕ್ಷೆಯಲ್ಲಿ ಅಂಥ ದಾರಿ ಇದೆಯೇ ಎಂದು ಒಮ್ಮೆ ನೋಡಿ.

ಹಂತ 7: ಪರೀಕ್ಷೆ

ಕ್ರಮ ಹೆಚ್ಚುಕಡಿಮೆ ಹೀಗೆ: ಪ್ರತಿ ಭಾಗದ ಪರೀಕ್ಷೆ, ಜೋಡಣೆ, ಉಡಾವಣೆಯ ಅಲುಗಾಟ ಮತ್ತು ಸದ್ದು, ಬೇರ್ಪಡುವಿಕೆಯ ಆಘಾತ, ನಿರ್ವಾತ ಕೋಣೆಯಲ್ಲಿ ಬಿಸಿ-ತಣ್ಣನೆಯ ಸುತ್ತುಗಳು, ರೇಡಿಯೊ ಮತ್ತು ವಿದ್ಯುತ್ ಪರಸ್ಪರ ಕಾಡುತ್ತವೆಯೇ ಎಂಬ ತಪಾಸಣೆ. ಅಲುಗಾಡಿಸಿದ ಮೇಲೆ ಫಲಕಗಳನ್ನು ಮತ್ತೊಮ್ಮೆ ಬಿಚ್ಚಿ ನೋಡುವುದನ್ನು ಬಿಡಬೇಡಿ.

ಹಾರಿಸುವಂತೆಯೇ ಪರೀಕ್ಷಿಸಿ. 2004ರ ಸೆಪ್ಟೆಂಬರ್ 8ರಂದು ಸೌರಮಾರುತದ ಮಾದರಿ ಹೊತ್ತ ಜೆನೆಸಿಸ್ ನೌಕೆ ಭೂಮಿಗೆ ಮರಳಿದಾಗ ಪ್ಯಾರಾಚೂಟ್ ಬಿಚ್ಚಲಿಲ್ಲ, ಏಕೆಂದರೆ ವೇಗ ಕುಗ್ಗುವುದನ್ನು ಅರಿಯುವ ಸ್ವಿಚ್ಚುಗಳು ವಿನ್ಯಾಸದಲ್ಲೇ ತಲೆಕೆಳಗಾಗಿದ್ದವು. ಕಸೀನಿ ನೌಕೆ ಶನಿಯ ಉಪಗ್ರಹ ಟೈಟನ್ನಿಗೆ ಹೊತ್ತೊಯ್ದ ಹ್ಯೂಗೆನ್ಸ್ ಶೋಧಕದ ಕತೆ ಇನ್ನೂ ಸೂಕ್ಷ್ಮ. ಇಳಿಯುವ ಶೋಧಕ ಮತ್ತು ಕಸೀನಿ ನಡುವಿನ ವೇಗದಿಂದ ರೇಡಿಯೊ ತರಂಗ ಜರುಗುವುದನ್ನು ಕಸೀನಿಯ ಗ್ರಾಹಕ ಪೂರ್ತಿ ತಾಳಿಕೊಳ್ಳುತ್ತಿರಲಿಲ್ಲ. ಇದು ತಿಳಿದದ್ದು 1997ರ ಉಡಾವಣೆಯಾಗಿ ಎರಡು ವರ್ಷ ಕಳೆದ ಮೇಲೆ, 2000ದಲ್ಲಿ ಭೂಮಿಯಿಂದ ನಕಲಿ ಸಂಕೇತ ಕಳಿಸಿ ನೋಡಿದಾಗ. ಪಥವನ್ನೇ ಬದಲಿಸಿ ಸಾಪೇಕ್ಷ ವೇಗ ತಗ್ಗಿಸಿ ಕೆಲಸ ಉಳಿಸಿಕೊಂಡರು.

ವೇಳಾಪಟ್ಟಿಯಲ್ಲಿ ವರ್ಷಕ್ಕೊಂದು ತಿಂಗಳು ಖಾಲಿ ಬಿಡಿ. ಜೋಡಣೆ ಶುರುವಾದ ಮೇಲೆ ವರ್ಷಕ್ಕೆರಡು. ವಿಳಂಬ ಮೊದಲು ತಿಂದುಹಾಕುವುದು ಪರೀಕ್ಷೆಯ ವಾರಗಳನ್ನೇ. ತಡೆಯಿರಿ.

ಹಂತ 8: ನಡೆಸುವುದು, ಮುಗಿಸುವುದು

ನೆಲದ ಮೇಲೆ ನೌಕೆಯ ವಿದ್ಯುನ್ಮಾನ ಅವಳಿಯೊಂದು ಕೊನೆಯವರೆಗೂ ಉಳಿಯಲಿ. ಪ್ರತಿ ಆಜ್ಞಾಸರಣಿ ಮೊದಲು ಅದರಲ್ಲಿ ಓಡಬೇಕು. ಹತ್ತು ವರ್ಷ ದುಡಿದಿದ್ದ ಮಾರ್ಸ್ ಗ್ಲೋಬಲ್ ಸರ್ವೇಯರ್ 2006ರಲ್ಲಿ ಕಳೆದುಹೋಯಿತು. ಅದರ ಮೂಲ, ತಿಂಗಳುಗಳ ಹಿಂದೆ ಕಂಪ್ಯೂಟರ್ ನೆನಪಿನ ತಪ್ಪು ವಿಳಾಸಕ್ಕೆ ಬರೆದ ಒಂದು ಆಜ್ಞೆ. ಕೊನೆಗೆ ಬ್ಯಾಟರಿ ಬಿಸಿಲಿಗೆ ತೆರೆದುಕೊಂಡು ಕಾದುಹೋಯಿತು.

ಮಂಗಳ ಸೂರ್ಯನ ಹಿಂದೆ ಸರಿಯುವ ಸುಮಾರು ಎರಡು ವಾರ ಯಾವ ಆಜ್ಞೆಯನ್ನೂ ಕಳಿಸಬೇಡಿ. ಸೂರ್ಯನ ಪ್ಲಾಸ್ಮಾ ಸಂಕೇತವನ್ನು ಕೆಡಿಸಿದರೆ ಅರ್ಧ ತಲುಪಿದ ಆಜ್ಞೆ ಏನು ಮಾಡೀತು ಹೇಳಲಾಗದು. ಆ ದಿನಗಳ ಚಿತ್ರ ತುಂಬಿಕೊಳ್ಳುವಷ್ಟು ನೆನಪು ನೌಕೆಯಲ್ಲಿದೆಯೇ? ದಿನಕ್ಕೆ 60 ಮೆಗಾಬಿಟ್, 14 ದಿನ, 840 ಮೆಗಾಬಿಟ್. ಹಂತ 2ರ ಹಾಳೆಗೆ ಹೋಗಿ ಈ ಸಾಲು ಸೇರಿಸಿ. ಬಾಕಿ ತೀರಿಸಲು ಕೆಲವು ವಾರ ಹೆಚ್ಚಿನ ಗಂಟೆಗಳನ್ನೂ ಭೂಕೇಂದ್ರದಿಂದ ಮೊದಲೇ ಕೇಳಿಡಿ, ಏಕೆಂದರೆ ದೊಡ್ಡ ತಟ್ಟೆಗಳು ಹಲವು ನೌಕೆಗಳ ಹಂಚಿಕೆಯವು.

ಕೊನೆಯದಾಗಿ, ಡೆಲ್ಟಾ-ವಿ ಪಟ್ಟಿಯಲ್ಲಿ ವಿಲೇವಾರಿಗೆ ಇಟ್ಟ, ಎಲ್ಲರೂ ಕತ್ತರಿಸಲು ನೋಡುವ ಆ ಸೆಕೆಂಡಿಗೆ 40 ಮೀಟರ್. ಭೂಮಿಯ ಸೂಕ್ಷ್ಮಜೀವಿಗಳು ಬೇರೆ ಲೋಕ ಸೇರದಂತೆ ಕಾಯುವ ಅಂತರರಾಷ್ಟ್ರೀಯ ಗ್ರಹರಕ್ಷಣಾ ನಿಯಮದಂತೆ, ಪೂರ್ತಿ ಕ್ರಿಮಿಶುದ್ಧಿ ಮಾಡದ ಮಂಗಳ ಕಕ್ಷಾನೌಕೆ 20 ವರ್ಷ ಬೀಳದೆ ಉಳಿಯುವ ಸಂಭವ 99%, 50 ವರ್ಷ ಉಳಿಯುವ ಸಂಭವ 95% ಇರಬೇಕು. ಗೆಲಿಲಿಯೊವನ್ನು 2003ರಲ್ಲಿ ಗುರುವಿನೊಳಗೆ, ಕಸೀನಿಯನ್ನು 2017ರ ಸೆಪ್ಟೆಂಬರ್ 15ರಂದು ಶನಿಯೊಳಗೆ ಬೀಳಿಸಿದ್ದೂ ಇದೇ ಚಿಂತೆಯಿಂದ, ಅಲ್ಲಿನ ಉಪಗ್ರಹಗಳ ಸಾಗರಗಳನ್ನು ಕಾಪಾಡಲು. ನಮ್ಮ ನೌಕೆ ತನ್ನ ಕಕ್ಷೆಯ ಕೆಳತುದಿಯನ್ನು ವಾತಾವರಣದಿಂದ ಸಾಕಷ್ಟು ಮೇಲಕ್ಕೆತ್ತಿ, ತೊಟ್ಟಿಗಳನ್ನು ಬರಿದು ಮಾಡಿ, ಬ್ಯಾಟರಿಯನ್ನು ಫಲಕದಿಂದ ಬೇರ್ಪಡಿಸಿ, ರೇಡಿಯೊ ಆರಿಸಬೇಕು. ಈ ಆಜ್ಞೆಗಳನ್ನು ಉಡಾವಣೆಗೆ ಮುಂಚೆಯೇ ಬರೆದು ಅವಳಿಯಲ್ಲಿ ಓಡಿಸಿ. ನೋದಕಮಾಪಕ ಶೂನ್ಯದ ಹತ್ತಿರ ಬಂದಾಗ ಅಳತೆಯ ದೋಷವೇ ಉಳಿದ ನೋದಕಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ವಿಲೇವಾರಿಯನ್ನು ಮಾಪಕ ಏನೇ ಹೇಳಲಿ, ಲೆಕ್ಕದ ಹಾಳೆಯಲ್ಲಿ 40 ಮೀಟರಿಗೆ ಆ ದೋಷವನ್ನೂ ಕೂಡಿಸಿದಷ್ಟು ಉಳಿದಿರುವಾಗಲೇ ಶುರು ಮಾಡಿ.